ಗಲಗಲ ಅನ್ನುವ ರಿಮೋಟು

ಅಂಗಡಿಯಲ್ಲಿ ಏನು ಕೈಗೆ ಕೊಟ್ಟರೂ ಮೊದಲು ಅದನ್ನು ಕಿವಿಯ ಪಕ್ಕಕ್ಕೆ ಒಯ್ದು ಅಲ್ಲಾಡಿಸಿ ನೋಡುವ ಚಾಳಿ ನನಗಿದೆ. ತೆಂಗಿನಕಾಯಿಗಾದರೆ ಯಾರೂ ಏನೂ ಅನ್ನುವುದಿಲ್ಲ. ನಾನು ಟಾರ್ಚನ್ನೂ ಅಲ್ಲಾಡಿಸುತ್ತೇನೆ, ಬೀಗವನ್ನೂ ಅಲ್ಲಾಡಿಸುತ್ತೇನೆ. ಒಮ್ಮೆ ಚಿಂತಾಮಣಿಯ ಅಂಗಡಿಯೊಂದರಲ್ಲಿ ಹೊಸ ಕನ್ನಡಕವನ್ನೇ ಕಿವಿಗೆ ಹಿಡಿದಿದ್ದೆ. ಅಂಗಡಿಯವನು ಪಾಪ, "ಸಾರ್, ಅದು ಕಣ್ಣಿಗೆ," ಅಂದ. ಅವತ್ತಿನಿಂದ ನನ್ನ ಹೆಂಡತಿ ಅಂಗಡಿಗೆ ಜೊತೆಯಲ್ಲಿ ಬಂದರೂ ಬೇರೆ ಯಾರದೋ ಹೆಂಡತಿಯ ಹಾಗೆ ದೂರ ನಿಲ್ಲುತ್ತಾಳೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಮಕ್ಕಳಿಗೆ ಮೂಢನಂಬಿಕೆ ಬಿಡಿ ಎಂದು ಹೇಳುವವನು. ಆದರೆ ಇದು ಮೂಢನಂಬಿಕೆಯಲ್ಲ, ಮನೆತನದ ವಿದ್ಯೆ. ಶಿಡ್ಲಘಟ್ಟದ ಕಡೆ ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೂಡು ಕೈಗೆ ಬಂತೆಂದರೆ ಬೆರಳಲ್ಲಿ ಒತ್ತಿ ನೋಡಬೇಕು, ಗಟ್ಟಿ ಇರಬೇಕು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ಹುಳು ಬಲಿತು, ಬದುಕಿದ್ದು, ಬಿಡಿಯಾಗಿ ಕೂತಿದ್ದರೆ ಗಲಗಲ ಅನ್ನುತ್ತದೆ. ಸತ್ತು ಗೋಡೆಗೆ ಅಂಟಿಕೊಂಡಿದ್ದರೆ ಸದ್ದೇ ಇರುವುದಿಲ್ಲ. ಅಂಥದನ್ನು ನಮ್ಮಲ್ಲಿ ಮೂಕಗೂಡು ಅನ್ನುತ್ತಾರೆ. ಸದ್ದಿದ್ದರೆ ಜೀವ, ಸದ್ದಿಲ್ಲದಿದ್ದರೆ ನಷ್ಟ. ಅಕ್ಷರ ಕಲಿಯುವುದಕ್ಕೆ ಮುಂಚೆ ನಾನು ಕಲಿತದ್ದು ಇದು.

ಮೊನ್ನೆ ಗೌರಿಬಿದನೂರಿನಿಂದ ಅಕ್ಕನ ಮಗಳು ಸಿಂಚನ ಫೋನು ಮಾಡಿದಳು. ಹಳೆಯ ವಿಡಿಯೋ ಗೇಮುಗಳೆಲ್ಲ ಒಂದೇ ಪುಟ್ಟ ಡಬ್ಬಿಯಲ್ಲಿ ಬರುತ್ತವಂತೆ ಈಗ. ಅದನ್ನು ತರಿಸಿದ್ದಾಳೆ. ಜೊತೆಗೆ ಬಂದ ಎರಡು ಕಂಟ್ರೋಲರುಗಳೂ ವಾರ ಕಳೆಯುವಷ್ಟರಲ್ಲಿ ಕೈಕೊಟ್ಟಿವೆ.

"ಮಾಮ, ಕಂಪನಿದು ಈಗ ಸಿಗಲ್ವಂತೆ. ಬೇರೆಯವರು ಮಾಡಿದ್ದೇ ತಗೋಬೇಕು. ಯಾವುದು ಚೆನ್ನಾಗಿರುತ್ತೆ? ಅಮ್ಮ ನಿಮ್ಮನ್ನೇ ಕೇಳು ಅಂದ್ರು. ಅದರಲ್ಲಿ ನೀವು ಭಾರಿ ಎಕ್ಸ್‌ಪರ್ಟ್ ಅಂತೆ."

ಹಿಂದಿನಿಂದ ಅಕ್ಕ ನಗುವುದು ಕೇಳಿಸಿತು. ಆ ನಗು ಯಾವುದಕ್ಕೆ ಎಂದು ನನಗೆ ಗೊತ್ತು. ನಿಮಗೂ ಗೊತ್ತಾಗಲಿ ಎಂದು ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾವು ಅದನ್ನು ಕಂಟ್ರೋಲರ್ ಅನ್ನುತ್ತಿರಲಿಲ್ಲ. ರಿಮೋಟು ಅನ್ನುತ್ತಿದ್ದೆವು. ಮೊಳದುದ್ದದ ವೈರು ನೇತಾಡುತ್ತಿದ್ದರೂ ಅದು ರಿಮೋಟೇ. ಅಸಲಿಗೆ ನಮ್ಮ ಮನೆಗೆ ವಿಡಿಯೋ ಗೇಮು ಬರಲೇ ಇಲ್ಲ, ಬಂದದ್ದು ಕಂಪ್ಯೂಟರ್. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು ಬಂದಿದ್ದೆ. ಬೆಂಗಳೂರಿನ ಮಾರ್ಕೆಟ್ಟಿಗೆ ತರಕಾರಿ ಲಾರಿ ಓಡಿಸುತ್ತಿದ್ದ ನಮ್ಮ ಸೋದರಮಾವ ಒಂದು ದಿನ ದೊಡ್ಡ ರಟ್ಟಿನ ಡಬ್ಬಿ ಹೊತ್ತುಕೊಂಡು ಬಂದ. ಡಬ್ಬಿಯ ಮೇಲೆ ಕನ್ನಡಕ ಹಾಕಿದ ಹುಡುಗನೊಬ್ಬ ಕೀಬೋರ್ಡ್ ಕುಟ್ಟುತ್ತಿದ್ದ.

"ಭಾವ, ಇನ್ನು ನಿಮ್ ಮಗನ್ನ ಹಿಡಿಯೋರಿಲ್ಲ. ಕಂಪ್ಯೂಟರ್ ಇದು. ಟೀವಿಗೆ ಹಾಕಿದ್ರೆ ಆಯ್ತು," ಅಂದ.

ಅಪ್ಪ ಕಾಲು ತೊಳೆದುಕೊಂಡು ಬಂದು ಅದನ್ನು ಮುಟ್ಟಿದರು. ಅಮ್ಮ ಕುಂಕುಮ ಇಟ್ಟಳು. ಕೀಬೋರ್ಡು ಇತ್ತು, ಟೈಪಿಂಗ್ ಕಲಿಸುವ ಕ್ಯಾಸೆಟ್ಟೂ ಒಂದಿತ್ತು. ಆದರೆ ಡಬ್ಬಿಯ ತಳದಲ್ಲಿ, ಥರ್ಮೋಕೋಲಿನ ಕೆಳಗೆ, ಎರಡು ರಿಮೋಟುಗಳೂ ಆಟದ ಕ್ಯಾಸೆಟ್ಟುಗಳೂ ಇದ್ದವು. ಬೆಂಗಳೂರಿನ ಮಕ್ಕಳು ಅಷ್ಟರಲ್ಲಿ ಸಿಡಿ ಹಾಕುವ ಆಟಗಳಿಗೆ ಹೋಗಿ ಇದನ್ನೆಲ್ಲ ಅಟ್ಟಕ್ಕೆ ಎಸೆದಿದ್ದರಂತೆ. ನಮಗೇನು ಗೊತ್ತು? ಅವರ ಹಳತೇ ನಮ್ಮ ಹೊಸತು. ನಾನು ಒಂದು ವಾರ ಭಕ್ತಿಯಿಂದ ಟೈಪಿಂಗ್ ಕಲಿತೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಸದ್ದು ಮಾಡದೆ ಹೋಗುತ್ತಿದ್ದರು. ಎರಡನೆಯ ವಾರ ಅಕ್ಕ ಬಂದು ಪಕ್ಕದಲ್ಲಿ ಕೂತು, "ಲೋ ಶಿವು, ಆ ಇನ್ನೊಂದು ಕ್ಯಾಸೆಟ್ ಹಾಕೋ. ಮೇಲೆ ಬೆಟ್ಟದ ಚಿತ್ರ ಇದ್ಯಲ್ಲ, ಅದು," ಅಂದಳು. ಟೈಪಿಂಗು ಅಲ್ಲಿಗೆ ಮುಗಿಯಿತು.

ಆ ಆಟದ ಹೆಸರು ಏನಿತ್ತೋ, ಕ್ಯಾಸೆಟ್ಟಿನ ಮೇಲೆ ಬರೆದದ್ದು ಚೀನಾ ಅಕ್ಷರ. ನಾವು ಬೆಟ್ಟದ ಆಟ ಅನ್ನುತ್ತಿದ್ದೆವು. ಬೆನ್ನಿಗೆ ಗಂಟು ಕಟ್ಟಿಕೊಂಡ ಇಬ್ಬರು ಪುಟ್ಟ ಮನುಷ್ಯರು. ಕೆಂಪು ರುಮಾಲಿನವಳು ಅಕ್ಕ, ಹಸಿರು ರುಮಾಲಿನವನು ನಾನು. ಹೆಣ್ಣೋ ಗಂಡೋ ಆ ಚೌಕಳಿ ಚಿತ್ರದಲ್ಲಿ ತಿಳಿಯುತ್ತಿರಲಿಲ್ಲ, ನಾವೇ ಹಾಗೆ ಇಟ್ಟುಕೊಂಡಿದ್ದೆವು. ಬಂಡೆಯಿಂದ ಬಂಡೆಗೆ ಎಗರಿ ಎಗರಿ ಮೇಲಕ್ಕೆ ಹೋಗಬೇಕು. ನಡುವೆ ಮೇಕೆಗಳು ಬಂದು ಗುಮ್ಮುತ್ತವೆ, ಮೋಡಗಳು ಕಾಲ ಕೆಳಗಿಂದ ಜಾರುತ್ತವೆ. ಮೇಲೆಲ್ಲೋ ತುದಿಯಲ್ಲಿ ಒಂದು ಬಾವುಟ. ಇದರಲ್ಲಿ ಒಂದು ತೊಡಕಿತ್ತು. ಮುಂದೆ ಇರುವವರು ಹತ್ತಿದ ಹಾಗೆಲ್ಲ ಟೀವಿಯ ಚಿತ್ರವೂ ಮೇಲಕ್ಕೆ ಸರಿಯುತ್ತದೆ. ಹಿಂದೆ ಉಳಿದವರು ಚಿತ್ರದ ಕೆಳಗಿನ ಅಂಚಿಗೆ ಸಿಕ್ಕಿದರೆ ಸತ್ತಂತೆ. ಒಬ್ಬರು ಓಡಿದರೆ ಇನ್ನೊಬ್ಬರು ಉಳಿಯುವುದಿಲ್ಲ.

ಅಕ್ಕ ಓಡುತ್ತಿರಲಿಲ್ಲ. ಕೈಚಳಕ ಅವಳದೇ ಹೆಚ್ಚು, ಆದರೂ ಒಂದು ಬಂಡೆ ಹತ್ತಿ ನಿಂತು ನನಗಾಗಿ ಕಾಯುತ್ತಿದ್ದಳು. ಮೇಕೆ ಬಂದರೆ ಅಲ್ಲೇ ಎಗರಿ ತಪ್ಪಿಸಿಕೊಂಡು ಮತ್ತೆ ಕಾಯುತ್ತಿದ್ದಳು. ಹಿಂದೆ ಗೋಡೆಗೆ ಒರಗಿ ಕೂತ ಅಜ್ಜಿಗೆ ನಮ್ಮಿಬ್ಬರಿಗಿಂತ ಆತಂಕ. ನನ್ನ ಹಸಿರು ಮನುಷ್ಯ ಜಾರಿದಾಗಲೆಲ್ಲ ಅಜ್ಜಿಯ ಬಾಯಿಂದ ತವರಿನ ತೆಲುಗು ಹೊರಬೀಳುತ್ತಿತ್ತು: "ಅಯ್ಯೋ, ಪಡಿಪೋಯಾಡಮ್ಮಾ! ಬಿದ್ದೋದ್ನಲ್ಲೇ ಮಗೂ!"

ನಮಗೆ ಬಿಡುವು ಸಿಗುತ್ತಿದ್ದುದು ಹುಳುವಿಗೆ ಜ್ವರ ಬಂದಾಗ. ಗಾಬರಿಯಾಗಬೇಡಿ, ಅದು ಕಾಯಿಲೆಯಲ್ಲ. ರೇಷ್ಮೆಹುಳು ಪೊರೆ ಬಿಡುವ ಹೊತ್ತಿಗೆ ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು, ಧ್ಯಾನಕ್ಕೆ ಕೂತ ಹಾಗೆ ಸುಮ್ಮನಾಗುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಆಗ ಸೊಪ್ಪು ಕೊಯ್ಯುವುದಿಲ್ಲ, ಹಾಕುವುದಿಲ್ಲ, ಗದ್ದಲ ಮಾಡುವ ಹಾಗಿಲ್ಲ. ಮನೆ ಪೂರ್ತಿ ಹುಳುವಿನ ಜೊತೆ ತಾನೂ ಕಣ್ಣು ಮುಚ್ಚುತ್ತದೆ. ನಾವು ಟೀವಿಯ ಸದ್ದು ಪೂರ್ತಿ ಇಳಿಸಿ, ಬಾಗಿಲು ಓರೆ ಮಾಡಿ ಕೂರುತ್ತಿದ್ದೆವು. ಕಿಟಕಿಯಲ್ಲಿ ದೂರದ ಸ್ಕಂದಗಿರಿ ನೀಲಿಯಾಗಿ ಕಾಣುತ್ತಿತ್ತು, ಟೀವಿಯಲ್ಲಿ ಇನ್ನೊಂದು ಬೆಟ್ಟ. ಸದ್ದಿಲ್ಲದೆ ಎಗರುವ ಇಬ್ಬರು ಮನುಷ್ಯರು, ಸದ್ದಿಲ್ಲದೆ ಗುಮ್ಮುವ ಮೇಕೆ. ಈಗಲೂ ನನ್ನ ಕನಸುಗಳಿಗೆ ಸದ್ದು ಇರುವುದಿಲ್ಲ. ಜ್ವರ ಇಳಿದು ಹುಳು ಮತ್ತೆ ಸೊಪ್ಪಿಗೆ ಬಾಯಿ ಹಾಕಿದರೆ, ಚಾನೆಲ್ಲು ಸಿಗದ ಟೀವಿಯ ಹಾಗೆ ಮನೆಯೆಲ್ಲ ಜರ್ರೆಂದು ಸದ್ದು. ಕೂಡಲೇ ಅಕ್ಕ ರಿಮೋಟು ಇಟ್ಟು ಏಳುತ್ತಿದ್ದಳು.

ಅಕ್ಕ ಓದು ನಿಲ್ಲಿಸಿ ಆಗಲೇ ಮೂರು ವರ್ಷವಾಗಿತ್ತು. ಹುಳುಮನೆಗೆ ಒಬ್ಬರು ಬೇಕಿತ್ತು, ಅವಳು ಆ ಒಬ್ಬಳಾದಳು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ನಾನು ಕಾಲೇಜಿಗೆ ಹೋದೆ. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ, ಅದೇನು ಸುಮ್ಮನೆ ಬಂದದ್ದಲ್ಲ. ಮುಂಜಾನೆ ಸೊಪ್ಪು ಕೊಯ್ದು, ಬೆರಳಿನ ಕರೆ ಉಜ್ಜಿ, ಚಿಕ್ಕಬಳ್ಳಾಪುರದ ಬಸ್ಸಿನ ಬಾಗಿಲಲ್ಲಿ ಜೋತಾಡಿ, ಇಂಗ್ಲಿಷಿನಲ್ಲಿ ಒಮ್ಮೆ ಗೋತಾ ಹೊಡೆದು ಎದ್ದು ಮುಗಿಸಿದ್ದು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದೇವೆ. ಬಂದವರು ನೋಡದಿದ್ದರೆ ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಾರೆ.

ನಾನು ಡಿಗ್ರಿಗೆ ಸೇರಿದ ವರ್ಷ ಅಕ್ಕನಿಗೆ ಗೌರಿಬಿದನೂರಿನಲ್ಲಿ ಗಂಡು ಗೊತ್ತಾಯಿತು. ನಿಶ್ಚಿತಾರ್ಥ ಮುಗಿಯಿತು. ಇನ್ನೊಂದು ಬೆಳೆ ತೆಗೆದು, ಗೂಡು ಮಾರಿ, ಆಮೇಲೆ ಮದುವೆ ಎಂದು ಹಿರಿಯರು ಮಾತಾಡಿದರು. ಅವತ್ತು ಸಂಜೆ ಅಕ್ಕ ಬಾವಿಕಟ್ಟೆಯ ಹತ್ತಿರ ನನ್ನನ್ನು ಕರೆದು ಹೇಳಿದ್ದು ಸೀರೆಯ ಮಾತಲ್ಲ, ಒಡವೆಯ ಮಾತಲ್ಲ.

"ಶಿವು, ಆ ಬೆಟ್ಟದ ತುದಿ ಇನ್ನೂ ನೋಡ್ಲಿಲ್ವಲ್ಲೋ ನಾವು."

ನಿಜ. ಎರಡು ವರ್ಷ ಆಡಿದ್ದರೂ ತುದಿ ಕಂಡಿರಲಿಲ್ಲ. ಬಾವುಟದ ಬಟ್ಟೆಯ ಮೂಲೆ ಒಂದೆರಡು ಸಲ ಕಂಡಿತ್ತು, ಅಷ್ಟರಲ್ಲಿ ಕರೆಂಟು ಹೋಗುವುದೋ ನಾನು ಬೀಳುವುದೋ ಆಗಿತ್ತು. ಆ ಆಟದಲ್ಲಿ ನಿಲ್ಲಿಸಿದ ಕಡೆಯಿಂದ ಮತ್ತೆ ಶುರುಮಾಡುವುದು ಇರಲಿಲ್ಲ. ಬಿದ್ದರೆ ಬುಡದಿಂದಲೇ ಹತ್ತಬೇಕು.

"ನೀನೊಬ್ಬಳೇ ಆಡಿದ್ರೆ ಒಂದೇ ದಿನಕ್ಕೆ ಹತ್ತಿಬಿಡ್ತೀಯ ಕಣಕ್ಕ," ಅಂದೆ.

"ಒಬ್ಳೇ ಹೋಗಿ ಅಲ್ಲೇನ್ ಮಾಡ್ಲಿ? ಬಾವುಟಕ್ಕೆ ಉಪ್ಪು ಹಾಕ್ಕೊಂಡು ನೆಕ್ಲಾ? ಇಬ್ರೂ ಹೋಗಣ."

ಹಾಗೆ ಅಂದ ವಾರದಲ್ಲೇ ಇಲಿಯೊಂದು ಬಂದು ನನ್ನ ರಿಮೋಟಿನ ವೈರನ್ನು ಮೂರು ಕಡೆ ಕತ್ತರಿಸಿ ಹೋಯಿತು. ಹುಳುವಿಗೆ ಬಾಯಿ ಹಾಕಲು ಬಂದ ಇಲಿ. ಅಮ್ಮ, "ಸದ್ಯ, ಹುಳ ಬಿಟ್ಟು ಅದನ್ನ ತಿಂತಲ್ಲ, ಒಳ್ಳೇ ಇಲಿ," ಅಂದಳು.

ಆಗ ಮನೆಯಲ್ಲಿದ್ದ ಬೆಳೆಯ ಗೂಡನ್ನು ಶಿಡ್ಲಘಟ್ಟಕ್ಕೆ ಒಯ್ಯುವ ದಿನ ಅಪ್ಪನ ಜೊತೆ ನಾನೂ ಅಕ್ಕನೂ ಹೊರಟೆವು. ಅವಳಿಗೆ ಬಳೆ, ನನಗೆ ರಿಮೋಟು. ಮಾರ್ಕೆಟ್ಟಿನಲ್ಲಿ ನಡೆದದ್ದನ್ನು ಸ್ವಲ್ಪ ಹೇಳಿಬಿಡಬೇಕು, ಯಾಕೆಂದರೆ ಆಮೇಲಿನ ಎಡವಟ್ಟಿಗೆಲ್ಲ ಅದೇ ಮೂಲ. ಗೂಡು ಕೊಳ್ಳುವ ರೀಲರುಗಳು ಒಬ್ಬೊಬ್ಬರಾಗಿ ಬಂದು ನಮ್ಮ ರಾಶಿಯಲ್ಲಿ ಕೈಯಾಡಿಸಿದರು. ಒಬ್ಬರು, "ಎಲ್ಲಾ ಮೂಕ," ಅಂದರು. ಇನ್ನೊಬ್ಬರು, "ಕರೆ ಬಿದ್ದಿದೆ, ಬೇಡಪ್ಪ," ಎಂದು ಮುಖ ತಿರುಗಿಸಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದರು. ಕಡೆಗೆ ಅದೇ ರಾಶಿಗೆ ಅವರಿಬ್ಬರೇ ಪೈಪೋಟಿಯಲ್ಲಿ ಕೂಗಿ ಕೊಂಡರು. ಅಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದರು: "ನೋಡ್ಕೊ ಶಿವು. ಕೊಳ್ಳೋನು ಬೇಡ ಬೇಡ ಅಂದಷ್ಟೂ ಮಾಲು ಚೆನ್ನಾಗಿದೆ ಅಂತ ಅರ್ಥ. ಇದು ಯಾವ ಕಾಲೇಜಲ್ಲೂ ಹೇಳ್ಕೊಡಲ್ಲ."

ಈ ಸತ್ಯವನ್ನು ತಲೆಯಲ್ಲಿ ಬಿಸಿಬಿಸಿಯಾಗಿ ಇಟ್ಟುಕೊಂಡೇ ಅಪ್ಪ ನಯಾಜ್ ಸಾಬರ ಅಂಗಡಿಯ ಮೆಟ್ಟಿಲು ಹತ್ತಿದರು. ನಯಾಜ್ ಸಾಬರದು ರೇಡಿಯೋ, ಟೇಪು, ಟೀವಿ ರಿಪೇರಿ ಅಂಗಡಿ. ಮನೆಯವರೆಲ್ಲ ರೇಷ್ಮೆ ಬಿಚ್ಚುವವರು. ಇವರೊಬ್ಬರು ಬೇಯುವ ಗೂಡಿನ ವಾಸನೆ ಆಗದೆ ಅಂಗಡಿ ಹಾಕಿದವರು. ನಾನು ಕತ್ತರಿಸಿಹೋದ ರಿಮೋಟು ತೋರಿಸಿದೆ. ಅವರು ಅದರ ಪಿನ್ನು ನೋಡಿ, ಒಳಗಿನಿಂದ ಒಂದು ಕುಕ್ಕೆಯ ತುಂಬ ರಿಮೋಟು ತಂದು ಮೇಜಿನ ಮೇಲೆ ಸುರಿದರು.

"ಎಲ್ಲಾ ಒಂದೇನಾ ಸಾಬ್ರೆ? ಕಂಪನಿದು ಯಾವ್ದು?" ಅಂದರು ಅಪ್ಪ.

"ಕಂಪನಿ ಎಲ್ಲಿಂದ ತರೋಣ ಯಜಮಾನ್ರೆ? ನಿಮ್ ಮಿಷಿನ್ನೇ ಡೂಪ್ಲಿಕೇಟು. ಡೂಪ್ಲಿಕೇಟಲ್ಲಿ ಒಳ್ಳೇದು ಆರಿಸ್ಕೋಬೇಕು, ಅಷ್ಟೇ."

ಅಪ್ಪ ಆರಿಸತೊಡಗಿದರು. ಒಂದನ್ನು ಎತ್ತಿಕೊಂಡು ಹೆಬ್ಬೆರಳಲ್ಲಿ ಒತ್ತಿದರು, ಕಿವಿಗೆ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ, ಬದಿಗಿಟ್ಟರು. ಇನ್ನೊಂದು. ಸದ್ದಿಲ್ಲ. ನಾನೂ ಅಕ್ಕನೂ ಪಕ್ಕದಲ್ಲಿ ನಿಂತು ನೋಡುತ್ತಿದ್ದೆವು. ನಮಗೂ ಅದರಲ್ಲೇನೂ ವಿಚಿತ್ರ ಕಾಣಲಿಲ್ಲ. ಸಾಮಾನು ನೋಡುವುದೆಂದರೆ ಹಾಗೇ ತಾನೆ? ಕುಕ್ಕೆಯ ತಳದಲ್ಲಿದ್ದ ಕಂದು ಬಣ್ಣದ್ದೊಂದು ಅಪ್ಪನ ಕೈಯಲ್ಲಿ ಗಲಗಲ ಅಂದಿತು. ಅಪ್ಪನ ಮುಖ ಅರಳಿತು. ತೂಕವೂ ಚೆನ್ನಾಗಿತ್ತು.

ನಯಾಜ್ ಸಾಬರು ನಕ್ಕುಬಿಟ್ಟರು. "ಯಜಮಾನ್ರೆ, ಇದೇನು ಗೂಡು ಅನ್ಕೊಂಡ್ರಾ? ಅದು ಬೇಡ, ಬಿಡಿ. ಒಳಗೆ ಏನೋ ಬಿಟ್ಕೊಂಡಿದೆ."

ಅಪ್ಪ ನನ್ನ ಕಡೆ ತಿರುಗಿ ಒಂದು ಹುಬ್ಬು ಏರಿಸಿದರು. ಬೇಡ ಅಂದನಲ್ಲ, ನೋಡಿದೆಯಾ ಎನ್ನುವ ಹುಬ್ಬು.

"ಬೆಳಿಗ್ಗೆಯಿಂದ ನಿಮ್ ಮನೆಯೋರೆಲ್ಲ ಇದೇ ಮಾತು ಹೇಳಿದ್ರು ಸಾಬ್ರೆ. ಮೂಕ, ಕರೆ, ಬೇಡ! ಆಮೇಲೆ ಅವ್ರೇ ಹೊಡ್ಕೊಂಡೋದ್ರು. ನಮ್ಗೆ ಇದೇ ಕೊಡಿ."

"ಅಲ್ಲಾ, ನಾನು ಮಾರೋನು, ಕೊಳ್ಳೋನಲ್ಲ. ನಾನ್ಯಾಕೆ ಸುಳ್ಳು ಹೇಳಲಿ?"

"ಯಾರಿಗೋ ಎತ್ತಿಟ್ಟಿರ್ತೀರಿ."

ನಯಾಜ್ ಸಾಬರು ಎರಡು ಕೈಯನ್ನೂ ಆಕಾಶಕ್ಕೆ ತೋರಿಸಿ, ಅದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಕೊಡುವಾಗ ನನಗೆ ಮಾತ್ರ ಕೇಳುವ ಹಾಗೆ, "ಬೇಜಾರಾದ್ರೆ ತಗೊಂಡ್ ಬಾಪ್ಪ, ಬದಲಾಯಿಸಿ ಕೊಡ್ತೀನಿ," ಅಂದರು. ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಳ್ಳ ಬಂದಾಗಲೆಲ್ಲ ಅದು ಗಲ್ ಅನ್ನುತ್ತಿತ್ತು, ಅಪ್ಪ ತಲೆದೂಗುತ್ತಿದ್ದರು.

ಮದುವೆಗೆ ಮುಂಚಿನ ಕೊನೆಯ ಬೆಳೆ ಶುರುವಾಗಿ, ಮೊದಲನೆಯ ಜ್ವರಕ್ಕೆ ಹುಳು ಕೂತಿತು. ನಾವು ಕೂತೆವು. ಆಟ ಶುರುವಾದ ಕೂಡಲೇ ನನ್ನ ಹಸಿರು ಮನುಷ್ಯ ತನ್ನಷ್ಟಕ್ಕೆ ತಾನೇ ಎಗರಿದ. ನಾನು ಏನೂ ಒತ್ತಿರಲಿಲ್ಲ. ಮತ್ತೆ ಎಗರಿದ. ಎಗರಬೇಕಾದ ಕಡೆ ಎಗರದೆ ನಿಂತ. ಮೇಕೆ ಬಂದು ಗುಮ್ಮಿತು. ಅಜ್ಜಿ, "ವೀಡಿಕಿ ಏಮಾಯಿಂದೇ? ಇವನಿಗೇನಾಯ್ತೇ? ದೆವ್ವ ಮೆಟ್ಕೊಂಡ್ತಾ?" ಅಂದಳು. ಅಕ್ಕ ಒಂದೇ ಬಂಡೆಯ ಮೇಲೆ ನಿಂತು ಕಾದಳು, ಕಾದಳು. ಎರಡು ಜ್ವರ ಹೀಗೇ ಹೋದವು. ರಿಮೋಟನ್ನು ಎಡಕ್ಕೆ ವಾಲಿಸಿ ಹಿಡಿದರೆ ಸ್ವಲ್ಪ ಹೊತ್ತು ಮಾತು ಕೇಳುತ್ತದೆ ಎಂದು ಕಂಡುಕೊಂಡೆ. ಕತ್ತು ಓರೆಮಾಡಿ, ಮೊಣಕೈ ಎತ್ತಿ, ಹಾವು ಹಿಡಿದವನ ಹಾಗೆ ಕೂತು ಆಡುತ್ತಿದ್ದೆ. ಆದರೂ ಅರ್ಧ ಬೆಟ್ಟ ದಾಟಲಿಲ್ಲ.

ಹೊಸದು ತರಬಹುದಿತ್ತಲ್ಲ ಅನ್ನುತ್ತೀರಿ. ಅಪ್ಪನಿಗೆ ಹೇಗೆ ಹೇಳುವುದು? ದಿನಕ್ಕೊಂದು ಸಲ ಒಳಗೆ ಬಂದು, "ಹೆಂಗೈತೆ ನಾನಾರಿಸಿದ್ದು?" ಎಂದು ಕೇಳುತ್ತಿದ್ದರು. ಅಕ್ಕ ನನಗಿಂತ ಮೊದಲೇ, "ಭಾರಿ ಚೆನ್ನಾಗಿದೆ ಅಪ್ಪ," ಅನ್ನುತ್ತಿದ್ದಳು. ಮಗಳ ಮದುವೆಯ ಓಡಾಟದಲ್ಲಿ ಅಪ್ಪನಿಗೆ ಯಾವುದು ಸರಿಯಾಗುತ್ತಿದೆ, ಯಾವುದು ತಪ್ಪುತ್ತಿದೆ ಎನ್ನುವುದೇ ತಿಳಿಯದ ಹಾಗಾಗಿತ್ತು. ಛತ್ರ, ಅಡುಗೆಯವರು, ಓಲಗ, ಎಲ್ಲದರಲ್ಲೂ ಯಾರೋ ಒಬ್ಬರು ಕೊಂಕು ತೆಗೆಯುತ್ತಿದ್ದರು. ಅವರು ಖುಷಿಯಿಂದ ಆರಿಸಿದ್ದು ಅಂತ ಇದ್ದದ್ದು ಅದೊಂದೇ ರಿಮೋಟು.

ಆದರೂ ನಾನು ಗುಟ್ಟಾಗಿ ಹುಡುಕಿದೆ. ಲಗ್ನಪತ್ರಿಕೆ ಹಂಚುವ ನೆಪವಿತ್ತು. ಕೈವಾರದ ನೆಂಟರ ಮನೆಯಲ್ಲಿ ಪತ್ರಿಕೆ ಕೊಟ್ಟು, ಚಿಂತಾಮಣಿಗೆ ಬಸ್ಸು ಹತ್ತಿ, ಸಿಕ್ಕಿದ ಎಲೆಕ್ಟ್ರಾನಿಕ್ಸ್ ಅಂಗಡಿಗೆಲ್ಲ ನುಗ್ಗಿದೆ. ಈ ವಿಷಯದಲ್ಲಿ ನನಗಿರುವ ಪಾಂಡಿತ್ಯವೆಲ್ಲ ಆ ದಿನಗಳದ್ದು. ನೋಡುವುದಕ್ಕೆ ಒಂದೇ ಥರ ಇದ್ದರೂ ಪಿನ್ನಿನ ತೂತು ಒಂದರಲ್ಲಿ ಒಂಬತ್ತು, ನಮ್ಮ ಮಿಷಿನ್ನಿಗೆ ಬೇಕಾದದ್ದು ಅದು, ಇನ್ನೊಂದರಲ್ಲಿ ಹದಿನೈದು. ಅದನ್ನು ನೋಡದೆ ಕೊಂಡರೆ ಮನೆಗೆ ಬಂದು ಅಳಬೇಕು. ತೂಕ ನಂಬಬಾರದು, ಬರೀ ಕಬ್ಬಿಣದ ತುಂಡು ಇಟ್ಟು ಭಾರ ಮಾಡಿರುತ್ತಾರೆ. ದಿಕ್ಕಿನ ಗುಂಡಿ ಇದೆಯಲ್ಲ, ಕೂಡಿಸುವ ಗುರುತಿನ ಹಾಗಿರುವುದು, ಅದರ ಎಡಗಡೆ ಒತ್ತಿದರೆ ಬಲಗಡೆ ಮೇಲೇಳಬೇಕು. ಪೂರ್ತಿಯಾಗಿ ಒಳಕ್ಕೆ ಕುಸಿದರೆ ಅದು ಎತ್ತ ಹೋಗು ಅಂದರೆ ಎತ್ತಲೋ ಹೋಗುತ್ತದೆ. ಗುಂಡಿಯ ಕೆಳಗಿನ ರಬ್ಬರು ಬೆರಳನ್ನು ವಾಪಸ್ಸು ತಳ್ಳಬೇಕು, ಮಾಗಿದ ಟೊಮ್ಯಾಟೋ ಹಾಗೆ ಅಲ್ಲ, ದೋರೆಗಾಯಿಯ ಹಾಗೆ. ತನ್ನಷ್ಟಕ್ಕೆ ಪಟಪಟ ಒತ್ತಿಕೊಳ್ಳುವ ಟರ್ಬೋ ಗುಂಡಿ ಇದ್ದರೆ ಮೋಹಪಡಬಾರದು, ಮೊದಲು ಕೆಡುವುದು ಅದೇ. ವೈರು ಉದ್ದವಿರಬೇಕು, ಬುಡದಲ್ಲಿ ದಪ್ಪ ಇರಬೇಕು. ಇಷ್ಟೆಲ್ಲ ನೋಡಿ ಗೌರಿಬಿದನೂರಿನಲ್ಲಿ ಒಂದು ಸಿಕ್ಕಿತು. ಎಲ್ಲದರಲ್ಲೂ ಅಪ್ಪಟ, ಗೊಂಬೆಯ ಹಾಗಿತ್ತು. ಪಿನ್ನು ತಿರುಗಿಸಿ ನೋಡಿದೆ. ಹದಿನೈದು ತೂತು.

ಶಿಡ್ಲಘಟ್ಟದಲ್ಲಿ ನಯಾಜ್ ಸಾಬರ ಅಂಗಡಿಗೂ ಹೋದೆ. ಬಾಗಿಲಿಗೆ ಬೀಗ. ನೆಂಟರೊಬ್ಬರ ಮದುವೆಗೆಂದು ಊರು ಬಿಟ್ಟಿದ್ದರು. ಆ ತಿಂಗಳು ಎಲ್ಲರ ಮನೆಯಲ್ಲೂ ಮದುವೆಯೇ.

ಮೂರನೆಯ ಜ್ವರವೂ ಕೈಬಿಟ್ಟಿತು. ನಾಲ್ಕನೆಯದೇ ಕೊನೆ. ಅದು ಇಳಿದ ಮೇಲೆ ಹುಳು ಬಕಾಸುರನಾಗುತ್ತದೆ, ಹಗಲು ರಾತ್ರಿ ಸೊಪ್ಪು ಹೊರಬೇಕು, ಆಮೇಲೆ ಗೂಡು, ಆಮೇಲೆ ಚಪ್ಪರ. ಅವತ್ತು ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಕ್ಕ ಟೀವಿಯ ಮುಂದೆ ರಿಮೋಟನ್ನು ಬಿಚ್ಚಿ ಹರವಿಕೊಂಡಿದ್ದಳು. ಹೊಲಿಗೆ ಮಿಷಿನ್ನಿನ ಪುಟ್ಟ ಸ್ಕ್ರೂಡ್ರೈವರು ಕೈಯಲ್ಲಿತ್ತು. ಒಳಗೆ ಅಂಗೈಯಗಲದ ಹಸಿರು ಹಲಗೆ, ಅದರ ಮೇಲೆ ಅತ್ತಿತ್ತ ಜಾರಾಡುವ ಒಂದು ಕಬ್ಬಿಣದ ತುಂಡು. ತೂಕಕ್ಕೆಂದು ಅಂಟಿಸಿದ್ದು ಕಿತ್ತುಬಂದಿತ್ತು. ಅಪ್ಪ ಕೇಳಿದ ಜೀವದ ಸದ್ದು ಅದೇ. ಅದು ಹೋಗಿ ಹಲಗೆಗೆ ತಾಗಿದಾಗಲೆಲ್ಲ ನನ್ನ ಮನುಷ್ಯ ಎಗರುತ್ತಿದ್ದ.

"ಎಸ್ದ್ ಬಿಡಣ ಅದನ್ನ," ಅಂದೆ.

"ಬೇಡ, ತೂಕ ಕಮ್ಮಿಯಾದ್ರೆ ಅಪ್ಪಂಗೆ ಗೊತ್ತಾಗತ್ತೆ. ಅವ್ರ ಕೈ ತಕ್ಕಡಿ ಕಣೋ."

ಗೂಡು ಕಟ್ಟಿಸುವ ಬಿದಿರಿನ ಚಂದ್ರಂಕಿಗಳು ಹಿತ್ತಲಲ್ಲಿ ಒರಗಿದ್ದವು. ಹಿಂದಿನ ಬೆಳೆಯ ಎಳೆಗಳು ಅವುಗಳಿಗೆ ಇನ್ನೂ ಜೇಡನ ಬಲೆಯ ಹಾಗೆ ಅಂಟಿಕೊಂಡಿದ್ದವು. ಅಕ್ಕ ಹೋಗಿ ಒಂದು ಹಿಡಿ ಕಿತ್ತುಕೊಂಡು ಬಂದು, ಉಂಡೆ ಮಾಡಿ, ಕಬ್ಬಿಣದ ತುಂಡಿನ ಸುತ್ತ ಸುತ್ತಿ, ಮೂಲೆಗೆ ಒತ್ತಿ ಕೂರಿಸಿದಳು. ಹುಳುವೇ ಕೂತು ಕಟ್ಟಿದ ಹಾಗಿತ್ತು. ಮುಚ್ಚಳ ಹಾಕಿ ತಿರುಪಿದಳು. ನಾನು ಅಲ್ಲಾಡಿಸಿದೆ. ಸದ್ದಿಲ್ಲ.

ಅವತ್ತು ಹತ್ತಿದೆವು. ನನ್ನ ಮನುಷ್ಯ ಹೇಳಿದ ಮಾತು ಕೇಳಿದ. ಅಕ್ಕ ಮೊದಲ ಬಾರಿಗೆ ಕಾಯಲಿಲ್ಲ, ಕಾಯಬೇಕಾಗಲಿಲ್ಲ. ಒಂದು ಬಂಡೆ ಅವಳು, ಮುಂದಿನದು ನಾನು. ಮೇಕೆಗಳು ಕೆಳಗೆ ಉಳಿದವು, ಮೋಡಗಳು ಬಂದವು. ಇಬ್ಬರ ಗುಂಡಿಗಳ ಚಿಟ್ ಚಿಟ್ ಬಿಟ್ಟರೆ ಮನೆಯಲ್ಲಿ ಸದ್ದಿಲ್ಲ. ಕಿಟಕಿಯ ಬಿಸಿಲು ನೆಲದ ಮೇಲೆ ನಡೆದು ಅಕ್ಕನ ಹೊಸ ಬಳೆಗಳ ಮೇಲೆ ಬಂತು. ಅಜ್ಜಿ ಉಸಿರು ಬಿಗಿಹಿಡಿದು ಕೂತಿದ್ದಳು. ಕರೆಂಟು ಅವತ್ತು ನಮ್ಮ ನೆಂಟನ ಹಾಗೆ ನಡೆದುಕೊಂಡಿತು. ಬಾವುಟದ ಬಟ್ಟೆ ಕಂಡಿತು, ಕೋಲು ಕಂಡಿತು, ಅದರ ಬುಡ ಕಂಡಿತು. ಕೆಂಪು ರುಮಾಲು, ಹಸಿರು ರುಮಾಲು ಒಟ್ಟಿಗೆ ಎಗರಿ ತುದಿಯಲ್ಲಿ ನಿಂತವು.

ಒಂದು ಹಕ್ಕಿ ಎಡದಿಂದ ಬಲಕ್ಕೆ ಹಾರಿಹೋಯಿತು. ಅಷ್ಟೇ. ಟೀವಿ ಒಂದು ಸಲ ಕಪ್ಪಾಗಿ, ಮತ್ತೆ ನಾವಿಬ್ಬರೂ ಬೆಟ್ಟದ ಬುಡದಲ್ಲಿದ್ದೆವು.

"ಇಷ್ಟೇನಾ?" ಅಂದೆ ನಾನು.

"ಇನ್ನೇನ್ ಬೇಕಿತ್ತು ನಿಂಗೆ, ಹೋಳಿಗೆ ಊಟನಾ?" ಎಂದು ಅಕ್ಕ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಅಜ್ಜಿ ಇಬ್ಬರಿಗೂ ದೃಷ್ಟಿ ತೆಗೆದಳು.

ಅಷ್ಟರಲ್ಲಿ ಅಪ್ಪ ಒಳಗೆ ಬಂದರು. ಅಜ್ಜಿ, "ಮಕ್ಳು ಬೆಟ್ಟ ಹತ್ಬಿಟ್ರು ಕಣಪ್ಪ!" ಅಂದಳು. ಅಪ್ಪನಿಗೆ ಖುಷಿಯಾಯಿತು. ಎಲ್ಲಿ ನಾನಾರಿಸಿದ್ದು ಎಂದು ನನ್ನ ಕೈಯಿಂದ ರಿಮೋಟು ತೆಗೆದುಕೊಂಡು, ಅಭ್ಯಾಸಬಲದಿಂದ ಕಿವಿಗೆ ಹಿಡಿದು ಅಲ್ಲಾಡಿಸಿದರು. ಇನ್ನೊಂದು ಸಲ ಅಲ್ಲಾಡಿಸಿದರು. ಮುಖ ಸಣ್ಣಗಾಯಿತು. ಮೆಲ್ಲಗೆ ಟೀವಿಯ ಮೇಲೆ ಇಟ್ಟು, ಸೊಪ್ಪಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಮದುವೆಯಾಯಿತು. ಅಕ್ಕ ಹೋದಳು. ಮನೆ ಖಾಲಿಯಾದ ಎಷ್ಟೋ ದಿನದ ಮೇಲೆ, ಒಂದು ಜ್ವರದ ಮಧ್ಯಾಹ್ನ, ಸುಮ್ಮನೆ ಕೂರಲಾರದೆ ಆಟ ಹಚ್ಚಿದೆ. ಹಸಿರು ಮನುಷ್ಯ ತಾನಾಗಿ ಎಗರಿದ. ರಿಮೋಟು ಎತ್ತಿ ಅಲ್ಲಾಡಿಸಿದರೆ ಗಲಗಲ. ಬಿಚ್ಚಿ ನೋಡಿದೆ. ಎಳೆಯ ಉಂಡೆ ಇರಲಿಲ್ಲ, ಕಬ್ಬಿಣದ ತುಂಡು ಮೊದಲಿನ ಹಾಗೇ ಜಾರಾಡುತ್ತಿತ್ತು.

ಆ ಸಲ ಗೌರಿಬಿದನೂರಿಗೆ ಹೋದಾಗ ಕೇಳಿದೆ. ಅಕ್ಕ ಹುರುಳಿಕಾಯಿ ಮುರಿಯುತ್ತ, ತಲೆ ಎತ್ತದೆ ಹೇಳಿದಳು.

"ನಾನೇ ತೆಗ್ದೆ ಕಣೋ, ಧಾರೆಗೆ ಮುಂಚಿನ ದಿನ. ಅವತ್ತು ಅಪ್ಪನ ಮುಖ ನೋಡ್ಲಿಲ್ವ ನೀನು? ಮಗ್ಳು ಮನೆ ಬಿಟ್ಟು ಹೋಗೋ ಹೊತ್ನಲ್ಲಿ ಕೈಗೆತ್ಕೊಂಡಿದ್ದು ಮೂಕ ಆಗಿಬಿಡ್ತಲ್ಲ ಅನ್ನಿಸ್ತೇನೋ ಅವ್ರಿಗೆ. ನಮ್ದು ಹೆಂಗೂ ಹತ್ತಿ ಆಯ್ತಲ್ಲ."

ನಾನು ಆಮೇಲೆ ಆ ರಿಮೋಟು ರಿಪೇರಿ ಮಾಡಲು ಹೋಗಲಿಲ್ಲ. ಅದು ಟೀವಿಯ ಮೇಲೇ ಇತ್ತು. ಅಪ್ಪ ಹೋಗುತ್ತ ಬರುತ್ತ ಒಂದೊಂದು ಸಲ ಅಲ್ಲಾಡಿಸಿ ಇಡುತ್ತಿದ್ದರು.

ಸಿಂಚನಳಿಗೆ ಈ ಕಥೆ ಹೇಳಲಿಲ್ಲ. ನಾನೇ ತಂದುಕೊಡುತ್ತೇನೆ ಎಂದೆ. ಎರಡು ಒಳ್ಳೆಯ ಕಂಟ್ರೋಲರುಗಳನ್ನು ಆರಿಸಿದೆ, ಪಿನ್ನು, ರಬ್ಬರು, ವೈರಿನ ಬುಡ, ದಿಕ್ಕಿನ ಗುಂಡಿ, ಎಲ್ಲ ನೋಡಿ. ನನ್ನ ಡಿಗ್ರಿಯ ಮೇಲಾಣೆ, ಅದಕ್ಕಿಂತ ಒಳ್ಳೆಯದು ಆ ಬೆಲೆಗೆ ಸಿಗುವುದಿಲ್ಲ. ಕಳೆದ ಭಾನುವಾರ ಗೌರಿಬಿದನೂರಿಗೆ ಹೊರಟವನು ದಾರಿಯಲ್ಲಿ ಊರಿಗೆ ಹೋದೆ. ಅಪ್ಪ ಅಂಗಳದಲ್ಲಿ ಗೂಡು ಬಿಡಿಸುತ್ತಿದ್ದರು, ಅಮ್ಮ ಕರೆ ಬಿದ್ದದ್ದನ್ನು ಬೇರೆ ಮಾಡುತ್ತಿದ್ದಳು.

"ಮಗೀಗಾ? ಕೊಡಿಲ್ಲಿ," ಎಂದು ಅಪ್ಪ ಡಬ್ಬಿ ತೆಗೆದುಕೊಂಡರು. ಕಿವಿಗೆ ಹಿಡಿದರು. ಅಲ್ಲಾಡಿಸಿದರು. ನನ್ನ ಮುಖ ನೋಡಿದರು. ಓದಿದ ಮಗನ ಆಯ್ಕೆ ತೆಗಳುವುದು ಬೇಡ ಎಂದೋ ಏನೋ, "ಚೆನ್ನಾಗೈತೆ," ಎಂದು ಮೆಲ್ಲಗೆ ವಾಪಸ್ಸು ಕೊಟ್ಟು ಕಾಫಿ ತರಲು ಒಳಗೆ ಹೋದರು.

ನಾನು ರಾಶಿಯಿಂದ ಒಂದು ಗೂಡು ಎತ್ತಿಕೊಂಡೆ. ಒತ್ತಿ ನೋಡಿದೆ, ಗಟ್ಟಿ ಇತ್ತು. ಡಬ್ಬಿಯ ಬಾಯಿ ತೆರೆದು ಒಳಗೆ ಹಾಕಿ ಮತ್ತೆ ಅಂಟಿಸಿದೆ. ಅಮ್ಮ ನೋಡಿ, ಮತ್ತೆ ಗೂಡಿನ ರಾಶಿಗೆ ಕೈಹಾಕಿದಳು. ಕಾಫಿ ಕುಡಿದು ಏಳುವಾಗ, "ಅಪ್ಪ, ಇನ್ನೊಂದು ಸಲ ನೋಡಿ," ಎಂದೆ.

ಗೌರಿಬಿದನೂರಿನಲ್ಲಿ ಸಿಂಚನ ಕಿತ್ತುಕೊಳ್ಳುವ ಮೊದಲೇ ಅಕ್ಕ ಡಬ್ಬಿಗೆ ಕೈಹಾಕಿದಳು. ನಲವತ್ತು ದಾಟಿದ ಹೆಂಗಸು ನಡುಮನೆಯಲ್ಲಿ ನಿಂತು ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು.

ಗಲಗಲ.

"ಅಯ್ಯೋ, ಒಡೆದೋಗಿದೆ ಮಾಮ!" ಎಂದು ಸಿಂಚನ ಕೂಗಿಕೊಂಡಳು.

ಅಕ್ಕ ಡಬ್ಬಿಯನ್ನು ಕೊಡಲಿಲ್ಲ. ಇನ್ನೊಂದು ಸಲ ಅಲ್ಲಾಡಿಸಿ, ನನ್ನ ಕಡೆ ನೋಡಿದಳು.

"ಅಪ್ಪ ಆರಿಸಿದ್ದಾ?"

"ಹೂಂ ಕಣಕ್ಕ," ಅಂದೆ. "ಅಪ್ಪನೇ."